ಯಾವ ಮರ, ಯಾವ ಎತ್ತರ, ಯಾವ ಕೊಳೆ



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮರದಣಬೆ ಕಾಣದವರು ಇರಲಿಕ್ಕಿಲ್ಲ. ಸೊಪ್ಪಿನ ಬೆಟ್ಟದ ಮತ್ತಿ, ಕಿಂದಳ, ನೇರಲೆಗಳ ಕಾಂಡದಲ್ಲಿ, ಮನೆ ಹಿಂದಿನ ಹಳೇ ಹಲಸಿನಲ್ಲಿ, ಮಳೆಗೆ ಮುರಿದು ಬಿದ್ದ ಮಾವಿನ ಕೊಂಬೆಯಲ್ಲಿ, ಕಡೆಗೆ ತೋಟದ ಅಡಿಕೆ ಮರದ ಬುಡದಲ್ಲೂ ಅರ್ಧಚಂದ್ರಾಕಾರದ ಗಟ್ಟಿ ಅಣಬೆ ಹೊರಚಾಚಿ ನಿಂತಿರುತ್ತದೆ. ಅದನ್ನು ಕಿತ್ತು ತಂದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಇದರ ಹೆಸರೇನು, ಇದಕ್ಕೆ ಏನು ಹೊಡೆಯಬೇಕು. ಕಿತ್ತು ತಂದ ತುಂಡನ್ನಷ್ಟೇ ನೋಡಿ ಈ ಎರಡಕ್ಕೂ ನೆಚ್ಚುವಂಥ ಉತ್ತರ ಹೇಳಲಾಗದು ಎಂಬುದು ಇವತ್ತಿನ ನನ್ನ ವಾದ. ಯಾವ ಮರದಲ್ಲಿತ್ತು, ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಒಳಗಿನ ಮರ ಯಾವ ಬಗೆಯಲ್ಲಿ ಕೊಳೆತಿತ್ತು ಎಂಬ ಮೂರು ಸಂಗತಿ ಗೊತ್ತಿಲ್ಲದೆ ಇಟ್ಟ ಹೆಸರು ಬಹುಪಾಲು ಊಹೆಯೇ. ಹೆಸರು ಪೂರ್ತಿ ಸಿಗದಿದ್ದರೂ ಈ ಮೂರು ಗೊತ್ತಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಹೆಚ್ಚುಕಡಿಮೆ ತೀರ್ಮಾನವಾಗುತ್ತದೆ.

ಮೊದಲು ಕಣ್ಣಿಗೆ ಕಾಣುವ ಅಣಬೆಗೂ ಕಾಣದ ಜೀವಿಗೂ ಇರುವ ಸಂಬಂಧ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಯುರೋಪಿನ ಪಂಡಿತರಲ್ಲಿ ಅನೇಕರು ಮರ ತಾನಾಗಿ ಕೊಳೆಯುತ್ತದೆ, ಕೊಳೆತದ್ದರಿಂದ ಅಣಬೆ ಹುಟ್ಟುತ್ತದೆ ಎಂದು ನಂಬಿದ್ದರು. ಅಣಬೆಯೇ ಕಾರಣ, ಕೊಳೆ ಅದರ ಫಲ ಎಂದು ಮರದ ಸೀಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ತೋರಿಸಿಕೊಟ್ಟವನು ಜರ್ಮನಿಯ ರಾಬರ್ಟ್ ಹಾರ್ಟಿಗ್. ಅವನ ಮುಖ್ಯ ಗ್ರಂಥ ಅಚ್ಚಾದದ್ದು 1878ರಲ್ಲಿ. ಶಿಲೀಂಧ್ರದ ನಿಜವಾದ ಶರೀರ ಕಾಂಡದೊಳಗೆ ಹಬ್ಬಿದ ಎಳೆಗಳು. ಹೊರಗೆ ಕಾಣುವುದು ಬೀಜಾಣು ಚೆಲ್ಲುವ ಅಂಗ ಮಾತ್ರ. ಎಳೆಗಳು ಒಳಗೆ ಸೇರಿ ಎಷ್ಟೋ ವರ್ಷ ಕಳೆದ ಮೇಲೆ ಅದು ಹೊರಬರುತ್ತದೆ. ಆದ್ದರಿಂದ ಅಣಬೆ ಇಲ್ಲದ ಮರ ಗಟ್ಟಿ ಎನ್ನಲು ಆಧಾರವಿಲ್ಲ; ಅಣಬೆ ಮೊನ್ನೆ ಕಂಡಿತೆಂದು ರೋಗ ಮೊನ್ನೆ ಬಂತೆಂದುಕೊಳ್ಳುವುದೂ ಸರಿಯಲ್ಲ. ಬೀಜಾಣುಗಳ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಗ್ಯಾನೋಡರ್ಮಾ ಅಪ್ಲನೇಟಮ್ ಎಂಬ ದೊಡ್ಡ ಮರದಣಬೆಯೊಂದು ದಿನಕ್ಕೆ ಸುಮಾರು 3,000 ಕೋಟಿ ಬೀಜಾಣುಗಳನ್ನು ತಿಂಗಳುಗಟ್ಟಲೆ ಚೆಲ್ಲುತ್ತದೆ ಎಂದು ಕಳೆದ ಶತಮಾನದ ಆರಂಭದಲ್ಲಿ ಬುಲ್ಲರ್ ಎಂಬ ವಿಜ್ಞಾನಿ ಅಂದಾಜು ಮಾಡಿದ್ದ. ಇಷ್ಟು ಬೀಜಾಣು ಗಾಳಿಯಲ್ಲಿ ತೇಲುತ್ತಿರುವಾಗ ಅಣಬೆಯನ್ನು ಕತ್ತಿಯಿಂದ ಕೆತ್ತಿ ಎಸೆದರೆ ಸೋಂಕು ನಿಂತೀತು ಎಂದು ನಂಬುವುದಕ್ಕೆ ಅರ್ಥವಿಲ್ಲ. ಬೀಜಾಣು ಎಲ್ಲೆಡೆ ಇದೆ. ಅದಕ್ಕೆ ಒಳಹೋಗಲು ಮರದಲ್ಲಿ ಗಾಯವಿದೆಯೇ ಎಂಬುದೇ ನೋಡಬೇಕಾದ ಸಂಗತಿ.

ಹಾಗಾದರೆ ಹೊರರೂಪ ನೋಡಿ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಆದರೆ ಜನ ನೋಡುವ ಜಾಗದಲ್ಲಿ ಅಲ್ಲ. ನಮ್ಮ ಕಣ್ಣು ಮೇಲ್ಮೈಯ ಬಣ್ಣ, ಹೊಳಪುಗಳ ಮೇಲೆ ಹೋಗುತ್ತದೆ. ಅವು ವಯಸ್ಸು, ಬಿಸಿಲು, ಮಳೆಗೆ ತಕ್ಕಂತೆ ಬದಲಾಗುವ ಗುಣಗಳು. ಅಣಬೆಯನ್ನು ಮಗುಚಿ ಅಡಿಭಾಗ ನೋಡಬೇಕು. ಅಲ್ಲಿ ಬರಿಗಣ್ಣಿಗೇ ಕಾಣುವ ದೊಡ್ಡ ಷಟ್ಕೋನದ ಕಣ್ಣುಗಳಿದ್ದರೆ ಅದು ಹೆಕ್ಸಾಗೋನಿಯಾ ಬಳಗದ್ದಿರಬಹುದು. ಭೂತಗನ್ನಡಿ ಇಲ್ಲದೆ ರಂಧ್ರವೇ ಕಾಣದಷ್ಟು ನಯವಾಗಿದ್ದು, ತೆಳುವಾದ ಬಟ್ಟಲಿಗೆ ಹಳದಿ ಕಾಲು ಇದ್ದರೆ ಕಾನಿನ ನೆಲದಲ್ಲಿ ಬಿದ್ದ ಕಡ್ಡಿಗಳ ಮೇಲೆ ಧಾರಾಳವಾಗಿ ಬರುವ ಮೈಕ್ರೋಪೋರಸ್. ಮೈಯೆಲ್ಲ ಕುಂಕುಮಗೆಂಪಾಗಿ, ಬಿಸಿಲಿಗೆ ಬಿದ್ದ ಮರದ ಮೇಲಿದ್ದರೆ ಪಿಕ್ನೋಪೋರಸ್. ರಂಧ್ರದ ಬದಲು ಉದ್ದಕ್ಕೆ ಸೀಳಿದ ಪದರಗಳಿದ್ದರೆ ಅದು ಸ್ಕಿಜೋಫಿಲ್ಲಮ್, ನಿಜವಾದ ರಂಧ್ರದಣಬೆಯೇ ಅಲ್ಲ. ಇವೆಲ್ಲ ಹೆಚ್ಚಾಗಿ ಸತ್ತ ಕೊಂಬೆ, ಬಿದ್ದ ದಿಮ್ಮಿಗಳ ಮೇಲೆ ಬದುಕುವಂಥವು. ಅವನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ನಿಂತ ಮರದ ಮಟ್ಟಿಗೆ ನಮ್ಮ ಭಾಗದಲ್ಲಿ ಮುಖ್ಯವಾಗಿ ಎರಡು ಬಳಗಗಳನ್ನು ಬೇರ್ಪಡಿಸಲು ಕಲಿಯಬೇಕು: ಫೆಲ್ಲಿನಸ್ ಮತ್ತು ಗ್ಯಾನೋಡರ್ಮಾ. ಫೆಲ್ಲಿನಸ್ ಕಟ್ಟಿಗೆಯಷ್ಟೇ ಗಟ್ಟಿ, ಮೇಲೆ ಕಪ್ಪಾಗಿ ಬಿರುಕುಬಿಟ್ಟ ಹೊದಿಕೆ, ಒಳಗೆ ತುಕ್ಕುಗಂದು ತಿರುಳು. ಆ ತಿರುಳಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿದ್ದರೆ ಅದು ಕಪ್ಪಗಾಗುತ್ತದೆ. ಕಾಲೇಜಿನ ಯಾವ ರಸಾಯನಶಾಸ್ತ್ರ ವಿಭಾಗದಲ್ಲೂ ಮಾಡಿ ನೋಡಬಹುದಾದ ಪರೀಕ್ಷೆ ಇದು. ಗ್ಯಾನೋಡರ್ಮಾ ಮಾಗಿದಾಗ ಸುತ್ತಲಿನ ಎಲೆ, ಹುಲ್ಲು, ತನ್ನದೇ ಮೇಲ್ಮೈಯ ಮೇಲೆ ಕೋಕೋ ಬಣ್ಣದ ಪುಡಿ ಉದುರಿಸಿಕೊಂಡಿರುತ್ತದೆ. ಆ ಬೀಜಾಣುವಿಗೆ ಎರಡು ಗೋಡೆ, ಒಂದು ತುದಿ ಕತ್ತರಿಸಿದಂತೆ ಮೊಂಡು. ಇಲ್ಲಿಗೆ ಬಳಗ ಗೊತ್ತಾಯಿತು. ಬಳಗದಾಚೆ ಜಾತಿಯ ಹೆಸರಿಗೆ ಹೋಗಬೇಕಾದರೆ ಎಳೆಗಳ ಬಗೆಯನ್ನೇ ನೋಡಬೇಕು. ಈ ಎಳೆಗಳ ವರ್ಗೀಕರಣಕ್ಕೆ 1932ರಲ್ಲಿ ಬುನಾದಿ ಹಾಕಿದವರು ಸಿಂಗಪುರದಲ್ಲಿದ್ದ ಇ. ಜೆ. ಎಚ್. ಕಾರ್ನರ್. ಅದೇ ವರ್ಷ ಅವರು ಹೆಸರಿಟ್ಟ ಒಂದು ಅಣಬೆ, ಮುಂದೆ ಫೆಲ್ಲಿನಸ್ ನೋಕ್ಸಿಯಸ್ ಎಂದು ಹೆಸರಾದದ್ದು, ರಬ್ಬರ್, ಚಹಾ, ಕಾಫಿ ಗಿಡಗಳ ಬೇರನ್ನು ಕೊಲ್ಲುವಂಥದ್ದು.

ಹೊರರೂಪ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ಗ್ಯಾನೋಡರ್ಮಾ ಲುಸಿಡಮ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. 1781ರಲ್ಲಿ ವಿಲಿಯಂ ಕರ್ಟಿಸ್ ಇಂಗ್ಲೆಂಡಿನ ಮಾದರಿಯೊಂದಕ್ಕೆ ಲುಸಿಡಸ್ ಎಂಬ ಹೆಸರಿಟ್ಟ. 1881ರಲ್ಲಿ ಫಿನ್ಲೆಂಡಿನ ಕಾರ್ಸ್ಟೆನ್ ಗ್ಯಾನೋಡರ್ಮಾ ಎಂಬ ಕುಲ ಸ್ಥಾಪಿಸಿದ. ಅಲ್ಲಿಂದ ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ಸಿಕ್ಕರೂ ಅದು ಲುಸಿಡಮ್ ಆಯಿತು. ನಮ್ಮ ದೇಶದ ಪಟ್ಟಿಗಳಲ್ಲೂ ಹಾಗೆಯೇ ಸೇರಿತು. ಕೊಲ್ಕತ್ತಾದಲ್ಲಿ ಸಹಾಯರಾಮ್ ಬೋಸ್ ಬಂಗಾಳದ ರಂಧ್ರದಣಬೆಗಳ ಮೇಲೆ ದಶಕಗಟ್ಟಲೆ ದುಡಿದರು, ಬಿ. ಕೆ. ಬಕ್ಷಿಯವರು ಮರ ಮತ್ತು ದಿಮ್ಮಿಗಳ ಮೇಲಿನ ಭಾರತೀಯ ರಂಧ್ರದಣಬೆಗಳ ಗ್ರಂಥವನ್ನು 1971ರಲ್ಲಿ ಹೊರತಂದರು. ಅವರ ಕಾಲಕ್ಕೆ ಲಭ್ಯವಿದ್ದ ಸಾಧನಗಳಿಂದ ಅವರು ಮಾಡಿದ್ದು ದೊಡ್ಡ ಕೆಲಸ. ಡಿಎನ್‌ಎ ಹೋಲಿಕೆ ಶುರುವಾದ ಮೇಲೆ ನಿಜವಾದ ಲುಸಿಡಮ್ ಯುರೋಪಿನ ಕಡೆಯದೆಂದೂ, ಉಷ್ಣವಲಯದ ಹೊಳೆಯುವ ಅಣಬೆಗಳು ಬೇರೆ ಬೇರೆ ಜಾತಿಗಳೆಂದೂ ಸ್ಪಷ್ಟವಾಯಿತು. ಔಷಧವೆಂದು ಶತಮಾನಗಳಿಂದ ಹೆಸರಾದ ಚೀನಾದ ಅಣಬೆಗೇ 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಬೇರೆ ಹೆಸರಿಡಬೇಕಾಯಿತು. ಇದರ ಪರಿಣಾಮ ನಮ್ಮ ಅಂಗಳದವರೆಗೂ ಇದೆ. ತೋಟದ ಬುಡದಲ್ಲೋ ರಸ್ತೆಬದಿಯ ಅಕೇಶಿಯಾದಲ್ಲೋ ಸಿಕ್ಕ ಹೊಳೆಯುವ ಅಣಬೆಯನ್ನು ರೀಶಿ ಎಂಬ ಆ ಔಷಧದ ಅಣಬೆಯೆಂದು ಒಣಗಿಸಿ ಕುದಿಸಿ ಕುಡಿಯುವುದಕ್ಕೆ ಯಾವ ಆಧಾರವೂ ಇಲ್ಲ; ಮಾರುಕಟ್ಟೆಯ ರೀಶಿ ಕೃಷಿ ಮಾಡಿ ಬೆಳೆಸಿದ, ಗುರುತು ಖಚಿತವಾದ ತಳಿಯದು ಎಂಬುದನ್ನು ಮರೆಯಬಾರದು. ಪಶ್ಚಿಮ ಘಟ್ಟದ ಉತ್ತರಭಾಗದಲ್ಲಿ ಫಣಸೋಂಬ ಎಂದು ಹಲಸಿನ ಮರದಿಂದ ಕೆತ್ತಿ ಮಕ್ಕಳ ಬಾಯಿಹುಣ್ಣು, ಜೊಲ್ಲುಸುರಿತಕ್ಕೆ ತೇಯ್ದು ಕೊಡುವ ಮದ್ದಿನಲ್ಲೂ ಒಂದಕ್ಕಿಂತ ಹೆಚ್ಚು ಫೆಲ್ಲಿನಸ್ ಜಾತಿಗಳು ಸೇರಿಕೊಂಡಿವೆ. ಮದ್ದು ಕೊಡುವವರು ಮರವನ್ನು ನೋಡಿ ಆರಿಸುತ್ತಿದ್ದರು ಎಂಬುದಂತೂ ಗಮನಿಸತಕ್ಕ ಮಾತು. ಹಲಸಿನದ್ದೇ ಬೇಕು ಎಂಬ ಅವರ ಹಟದಲ್ಲಿ ಅರ್ಧ ವಿಜ್ಞಾನ ಇತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಡಿಎನ್‌ಎಯೇ ಎಲ್ಲ ಹೇಳುವುದಾದರೆ ಮರ, ಎತ್ತರ, ಕೊಳೆ ಎಂದು ಬರೆದುಕೊಂಡು ಕೂರುವುದೇಕೆ, ಒಂದು ಚೂರು ಕಳಿಸಿದರೆ ಪ್ರಯೋಗಾಲಯ ಹೆಸರು ಹೇಳುತ್ತದಲ್ಲ? ಆಕ್ಷೇಪದಲ್ಲಿ ಹುರುಳಿದೆ, ಜಾತಿ ನಿರ್ಣಯಕ್ಕೆ ಇಂದು ಅದೇ ಬಲವಾದ ಪ್ರಮಾಣ. ಆದರೆ ಪ್ರಯೋಗಾಲಯ ಮಾಡುವುದು ಹೋಲಿಕೆ. ಹೋಲಿಸಲು ಇಟ್ಟಿರುವ ಸಾರ್ವಜನಿಕ ದತ್ತಾಂಶದಲ್ಲಿ ಗ್ಯಾನೋಡರ್ಮಾ ಹೆಸರಿನಡಿ ಇರುವ ದಾಖಲೆಗಳ ದೊಡ್ಡ ಪಾಲು ಹಳೆಯ ತಪ್ಪು ಹೆಸರುಗಳನ್ನೇ ಹೊತ್ತುಕೊಂಡಿದೆ. ಯಾವ ಮರದಿಂದ, ಯಾವ ಊರಿಂದ ಬಂದದ್ದು ಎಂಬ ವಿವರವಿಲ್ಲದ, ಒಣಗಿಸಿಟ್ಟ ಮಾದರಿಯೂ ಇಲ್ಲದ ದಾಖಲೆಯನ್ನು ಮುಂದೆ ಯಾರೂ ತಿದ್ದಲಾರರು. ಮತ್ತೆ, ಹೆಸರು ಖಚಿತವಾಗಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆ ಶಿಲೀಂಧ್ರ ಈ ಮರದ ಕೆಚ್ಚನ್ನಷ್ಟೇ ತಿನ್ನುತ್ತಿದೆಯೋ, ಬೇರಿಗೆ ಇಳಿದಿದೆಯೋ ಎಂಬುದನ್ನು ಹೆಸರು ಹೇಳುವುದಿಲ್ಲ. ತೋಟದವರಿಗೂ ರಸ್ತೆಯಲ್ಲಿ ಓಡಾಡುವವರಿಗೂ ಬೇಕಾದದ್ದು ಆ ಉತ್ತರ.

ಕೊಳೆಯ ವಿಷಯಕ್ಕೆ ಬರೋಣ. ಮರದ ಜೀವಕೋಶಗಳ ಗೋಡೆಗಳಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಎರಡು ಮುಖ್ಯ ವಸ್ತುಗಳು ಹೆಣೆದುಕೊಂಡಿವೆ. ಸೆಲ್ಯುಲೋಸನ್ನು ತಿಂದು ಲಿಗ್ನಿನ್ ಬಿಟ್ಟರೆ ಮರ ಕಂದಾಗಿ, ಚೌಕ ಚೌಕವಾಗಿ ಸೀಳಿ, ಬೆರಳಲ್ಲಿ ಪುಡಿಯಾಗುತ್ತದೆ, ಅದು ಕಂದುಕೊಳೆ. ಲಿಗ್ನಿನ್ನನ್ನೂ ಒಡೆದರೆ ಮರ ಬಿಳಚಿ, ನಾರುನಾರಾಗಿ, ಸ್ಪಂಜಿನಂತೆ ಮೆತ್ತಗಾಗುತ್ತದೆ, ಅದು ಬಿಳಿಕೊಳೆ. ನಮ್ಮ ಅಗಲೆಲೆಯ ಮರಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿಕೊಳೆ. ಫೆಲ್ಲಿನಸ್, ಗ್ಯಾನೋಡರ್ಮಾ ಎರಡೂ ಆ ಗುಂಪಿನವು. ಸೀಳಿದ ದಿಮ್ಮಿಯಲ್ಲಿ ಕಾಣುವ ತೆಳ್ಳನೆಯ ಕಪ್ಪು ಗೆರೆಗಳು ಒಳಗೆ ನೆಲೆಸಿದ ಬೇರೆ ಬೇರೆ ಶಿಲೀಂಧ್ರಗಳ ಗಡಿಗಳಾಗಿರುವುದುಂಟು, ಅಂದರೆ ಒಂದೇ ಮರದಲ್ಲಿ ಒಂದಕ್ಕಿಂತ ಹೆಚ್ಚು ಪಾಲುದಾರರು. ಅಣಬೆ ನಿಂತ ಭಂಗಿಯೂ ಸಾಕ್ಷ್ಯವೇ. ಬೀಜಾಣು ಉದುರಬೇಕಾದ್ದರಿಂದ ರಂಧ್ರಗಳು ಯಾವಾಗಲೂ ನೆಲಕ್ಕೆ ಮುಖ ಮಾಡುತ್ತವೆ. ಬಿದ್ದ ಮರದಲ್ಲಿ ಹಳೆಯ ಅಣಬೆ ಅಡ್ಡಡ್ಡ ತಿರುಗಿದ್ದು ಹೊಸದು ನೆಲ ನೋಡುತ್ತಿದ್ದರೆ, ಮರ ನಿಂತಿದ್ದಾಗಲೇ ಒಳಗೆ ಕೊಳೆ ಇತ್ತು ಎಂದು ನಿಸ್ಸಂದೇಹವಾಗಿ ಹೇಳಬಹುದು.

ಇದಕ್ಕಿಂತ ಮುಖ್ಯವಾದದ್ದು ಎತ್ತರ. ಆಳೆತ್ತರಕ್ಕಿಂತ ಮೇಲೆ, ಹಳೆಯ ಕೊಂಬೆ ಕಡಿದ ಗಾಯದ ಆಸುಪಾಸಿನಲ್ಲಿ ಅಣಬೆ ಇದ್ದರೆ ಅದು ಬಹುಮಟ್ಟಿಗೆ ಕೆಚ್ಚಿನ ಕೊಳೆ. ಕೆಚ್ಚು ಜೀವವಿಲ್ಲದ ಭಾಗ; ನೀರು, ಆಹಾರ ಸಾಗುವುದು ಹೊರಗಿನ ಬಿಳಿಮರ ಮತ್ತು ತೊಗಟೆಗಳಲ್ಲಿ. ಆದ್ದರಿಂದ ಪೊಳ್ಳಾದ ಮರ ಹಸಿರಾಗಿ, ಹೂಕಾಯಿ ಬಿಡುತ್ತ, ದಶಕಗಳ ಕಾಲ ನಿಲ್ಲುತ್ತದೆ. ಗಾಳಿಗೆ ಮುರಿದು ಬಿದ್ದೀತಲ್ಲ ಎಂಬ ಭಯಕ್ಕೆ ಗಣಿತ ಭಾಗಶಃ ಉತ್ತರ ಕೊಡುತ್ತದೆ. ದುಂಡನೆಯ ಕಾಂಡದ ತ್ರಿಜ್ಯದಲ್ಲಿ ಒಳಗಿನ ಅರ್ಧ ಪೂರ್ತಿ ಪೊಳ್ಳಾದರೂ ಬಾಗುವಿಕೆಯನ್ನು ತಡೆಯುವ ಶಕ್ತಿ ನೂರಕ್ಕೆ ಸುಮಾರು 6ರಷ್ಟೇ ಇಳಿಯುತ್ತದೆ. ಹತ್ತರಲ್ಲಿ ಏಳು ಭಾಗ ಪೊಳ್ಳಾದರೆ ನೂರಕ್ಕೆ 24ರಷ್ಟು. ಜರ್ಮನಿಯ ಕ್ಲಾಸ್ ಮಾಟ್‌ಹೆಕ್ ಬಿದ್ದ ಮರಗಳನ್ನೂ ನಿಂತ ಮರಗಳನ್ನೂ ಅಳೆದು, ಉಳಿದ ಗೋಡೆ ತ್ರಿಜ್ಯದ ಮೂರನೆಯ ಒಂದಂಶಕ್ಕಿಂತ ತೆಳುವಾದಾಗ ಅಪಾಯ ಏರುತ್ತದೆ ಎಂಬ ಸೂತ್ರ ಕೊಟ್ಟರು. ಆ ಸೂತ್ರವನ್ನು ಒಪ್ಪದವರೂ ಇದ್ದಾರೆ; ಗೋಡೆ ಒಂದು ಕಡೆ ಬಾಯಿಬಿಟ್ಟಿದ್ದರೆ, ಮರ ವಾಲಿದ್ದರೆ ಲೆಕ್ಕ ಬದಲಾಗುತ್ತದೆ, ನಿಜ. ಆದರೂ ಅಣಬೆ ಕಂಡಿತು, ಮರ ಕಡಿ ಎಂಬ ಆತುರಕ್ಕೆ ಅದು ತಕ್ಕ ತಡೆ. ಬುಡದಲ್ಲಿ, ಮಣ್ಣಿಗೆ ತಾಗಿ, ಬೇರಿನ ಕವಲುಗಳ ನಡುವೆ ಅಣಬೆ ಬಂದಿದ್ದರೆ ಮಾತೇ ಬೇರೆ. ಬೇರು ಕೊಳೆತ ಮರಕ್ಕೆ ಈ ಗಣಿತದ ರಿಯಾಯಿತಿ ಇಲ್ಲ. ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ, ನೆನೆದ ಮಣ್ಣಿನಲ್ಲಿ, ಆಷಾಢದ ಗಾಳಿಗೆ ಬುಡಸಹಿತ ಮಗುಚುವುದು ಇಂಥ ಮರ. ಶಾಲೆ, ಮನೆ, ರಸ್ತೆಯ ಬದಿಯಲ್ಲಿ ಬುಡದಣಬೆ ಇರುವ ಮರವನ್ನು ತೆಗೆಯಬೇಕೆಂದು ಯಾರಾದರೂ ಹೇಳಿದರೆ ನಾನು ವಿರೋಧಿಸಲಾರೆ.

ಅಡಿಕೆ ತೋಟದ ಅಣಬೆ ರೋಗ ಈ ಬುಡದ ಗುಂಪಿಗೆ ಸೇರಿದ್ದು. ಕಳೆದ ಶತಮಾನದ ಆರಂಭದಲ್ಲೇ ಇ. ಜೆ. ಬಟ್ಲರ್ ಅವರಂಥ ಶಿಲೀಂಧ್ರ ತಜ್ಞರು ಇದರತ್ತ ಗಮನ ಹರಿಸಿದ್ದರು. ಅಡಿಕೆಗೆ ಕೆಚ್ಚಿಲ್ಲ, ವರ್ಷವರ್ಷ ಸುತ್ತು ಕಟ್ಟುವ ಹೊಸ ಮರವೂ ಇಲ್ಲ; ಹೊಕ್ಕ ಕೊಳೆಯನ್ನು ಗೋಡೆ ಕಟ್ಟಿ ಆಚೆಗಿಡುವ ಶಕ್ತಿ ಅದಕ್ಕಿಲ್ಲ. ಹೊರಸುತ್ತಿನ ಸೋಗೆ ಹಳದಿಯಾಗಿ ಜೋಲುತ್ತದೆ, ಬುಡದಲ್ಲಿ ಕಂದು ರಸ ಒಸರುತ್ತದೆ, ಬೇರು ಪುಡಿಪುಡಿಯಾಗುತ್ತದೆ, ಅಣಬೆ ಬರುವುದು ಕಟ್ಟಕಡೆಗೆ. ಹಳದಿ ಸೋಗೆ ಒಂದನ್ನೇ ನೋಡಿ ಅಣಬೆ ರೋಗ ಎಂದವರು ಬೇರುಹುಳದ ಕಾಟಕ್ಕೂ ಬಸಿಗಾಲುವೆ ಮುಚ್ಚಿ ನೀರು ನಿಂತದ್ದಕ್ಕೂ ಅದೇ ಔಷಧ ಸುರಿದು ಹಣ ಕಳೆದುಕೊಳ್ಳುತ್ತಾರೆ. ರೋಗ ಖಚಿತವಾದಲ್ಲಿ ಮಾಡಬೇಕಾದದ್ದು ಹೊಸದೇನಲ್ಲ: ರೋಗದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಅಗಳ ತೆಗೆದು ಬೇರಿನ ಸಂಪರ್ಕ ಕಡಿಯುವುದು, ಸತ್ತ ಮರದ ಬೊಡ್ಡೆಯನ್ನು ಬೇರುಸಹಿತ ಕಿತ್ತು ಸುಡುವುದು, ಸುತ್ತಲಿನ ಮರಗಳಿಗೆ ವರ್ಷಕ್ಕೆ ತಲಾ 2 ಕಿಲೋ ಬೇವಿನ ಹಿಂಡಿ ಕೊಡುವುದು, ಬಸಿಗಾಲುವೆ ತೆರೆದಿಡುವುದು. ಇವುಗಳಲ್ಲಿ ಜನ ಬಿಟ್ಟುಬಿಡುವುದು ಬೊಡ್ಡೆ ಕೀಳುವ ಕೆಲಸ, ಏಕೆಂದರೆ ಅದಕ್ಕೆ ಕೂಲಿ ಹೆಚ್ಚು. ಶಿಲೀಂಧ್ರ ವರ್ಷಗಟ್ಟಲೆ ಉಳಿಯುವುದು ಅಲ್ಲೇ.

ಗ್ಯಾನೋಡರ್ಮಾ ಬಳಗ ಅಡಿಕೆ, ತೆಂಗಿಗಷ್ಟೇ ಅಂಟಿಕೊಂಡದ್ದಲ್ಲ. ಗಾಳಿಮರ, ಹೊಂಗೆ, ಗುಲ್‌ಮೊಹರ್, ಅಕೇಶಿಯಾಗಳ ಬುಡದಲ್ಲೂ ಬರುತ್ತದೆ. ಹಾಗಿದ್ದಲ್ಲಿ ಬೆಟ್ಟದ ಪ್ರತಿ ಅಣಬೆಯ ಮರವೂ ತೋಟಕ್ಕೆ ಅಪಾಯ, ಕಡಿದು ಚೊಕ್ಕ ಮಾಡುವುದೇ ಕ್ಷೇಮ ಎನ್ನುವವರಿದ್ದಾರೆ. ಇದು ತೋಟಿಗರ ಕಡೆಯ ಗಂಭೀರ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ನನ್ನ ಉತ್ತರ ಮೂರು ಸಂಗತಿಗಳಿಂದಲೇ ಬರುತ್ತದೆ. ತೋಟದ ಅಂಚಿಗೆ ತಾಗಿ ಅಕೇಶಿಯಾ ಕಡಿದ ಬೊಡ್ಡೆಗಳಿದ್ದು ಅವುಗಳ ಬುಡದಲ್ಲಿ ಕೋಕೋ ಪುಡಿ ಉದುರಿಸುವ ಅಣಬೆ ಇದ್ದರೆ ಬೊಡ್ಡೆ ಕೀಳಿ, ನಡುವೆ ಅಗಳ ತೆಗೆಯಿರಿ. ಬೆಟ್ಟದ ಮತ್ತಿಯ ಮೇಲೆ ಹತ್ತು ಅಡಿ ಎತ್ತರದಲ್ಲಿ ಕಪ್ಪು ಬಿರುಕಿನ ಫೆಲ್ಲಿನಸ್ ಇದ್ದರೆ ಅದು ಅಡಿಕೆಯ ಬೇರಿಗೆ ಇಳಿದು ಬರುವಂಥದ್ದಲ್ಲ, ಸುಮ್ಮನೆ ಬಿಡಿ. ಹೀಗೆ ಬಿಟ್ಟ ಮರ ವ್ಯರ್ಥವಲ್ಲ. ಮಂಗಟ್ಟೆ ತಾನಾಗಿ ಪೊಟರೆ ಕೊರೆಯಲಾರದು; ಶಿಲೀಂಧ್ರ ಕೆಚ್ಚು ತಿಂದು ತೆರವು ಮಾಡಿದ ಪೊಟರೆಯೊಳಗೇ ಹೆಣ್ಣು ಹಕ್ಕಿ ಅದರ ಬಾಯಿ ಮುಚ್ಚಿಕೊಂಡು ಮೊಟ್ಟೆಯಿಡಬೇಕು. ಯಲ್ಲಾಪುರದ ಕಡೆಯ ಬೇಡ್ತಿ ಸಂರಕ್ಷಣಾ ಮೀಸಲನ್ನು 2011ರಲ್ಲಿ ಘೋಷಿಸಿದಾಗ ಮಂಗಟ್ಟೆಯೂ ಅದರ ಒಂದು ಮುಖ್ಯ ಕಾರಣವಾಗಿತ್ತು. ಪೊಳ್ಳು ಮರಗಳನ್ನು ತೆಗೆದು ಮಂಗಟ್ಟೆಯನ್ನು ಉಳಿಸುತ್ತೇವೆ ಎನ್ನುವುದು ಆಗದ ಮಾತು. ತುಡುವೆ ಜೇನು, ಮಿಸರಿ ಜೇನು ಗೂಡು ಕಟ್ಟುವುದೂ ಇಂಥ ಪೊಟರೆಗಳಲ್ಲೇ ಎಂದು ಈ ಸೀಮೆಯ ಜೇನುಗಾರರಿಗೆ ಹೇಳಬೇಕಾಗಿಲ್ಲ.

ಇನ್ನು ಗಾಯದ ಮಾತು. ಸೊಪ್ಪಿನ ಬೆಟ್ಟದ ಮರಕ್ಕೆ ಗಾಯ ಮಾಡುವವರು ನಾವೇ. ತಲೆಮಾರುಗಳಿಂದ ಸೊಪ್ಪು ಕಡಿದಿದ್ದೇವೆ, ಬೆಟ್ಟ ಉಳಿದೇ ಇದೆ ಎಂಬ ಮಾತಿನಲ್ಲಿ ಸತ್ಯವಿದೆ. ತೆಳು ಗೆಲ್ಲು ಕಡಿದರೆ ಬಿಳಿಮರವಷ್ಟೇ ತೆರೆದುಕೊಳ್ಳುತ್ತದೆ, ಅದು ಜೀವಂತ, ಬೇಗ ಮುಚ್ಚಿಕೊಳ್ಳುತ್ತದೆ. ತೋಳುಗಾತ್ರದ ಕೊಂಬೆ ಕಡಿದಾಗ ಕೆಚ್ಚು ಮಳೆಗೆ ತೆರೆದುಕೊಳ್ಳುತ್ತದೆ, ಅಲ್ಲಿ ಎದುರಿಸುವ ಜೀವಕೋಶವೇ ಇಲ್ಲ. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೋ ಸಾವಿರಾರು ಕಾಂಡಗಳನ್ನು ಉದ್ದಕ್ಕೆ ಸೀಳಿ ನೋಡಿ 1977ರಲ್ಲಿ ಪ್ರಕಟಿಸಿದ ನಿರ್ಣಯ ಇದು: ಮರ ಗಾಯವನ್ನು ವಾಸಿಮಾಡಿಕೊಳ್ಳುವುದಿಲ್ಲ, ಅದರ ಸುತ್ತ ತಡೆಗೋಡೆ ಕಟ್ಟಿ ಹೊಸ ಮರವನ್ನು ಹೊರಗೆ ಬೆಳೆಸುತ್ತದೆ. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲವೆಂದೂ ಅವರ ಪ್ರಯೋಗಗಳು ತೋರಿಸಿದವು. ಪ್ರಯೋಜನವಿರುವುದು ಕಡಿಯುವ ಜಾಗದಲ್ಲಿ. ಕೊಂಬೆ ಕಾಂಡ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ತಡೆಗೋಡೆ ಕಟ್ಟುವುದು ಅದೇ. ಉಬ್ಬನ್ನು ಬಿಟ್ಟು, ಮೊಟಕು ಉಳಿಸದೆ, ತೊಗಟೆ ಹರಿಯದಂತೆ ಮೊದಲು ಕೆಳಗಿನಿಂದ ಕಚ್ಚು ಹಾಕಿ ಕಡಿಯಬೇಕು. ಮೊಳದುದ್ದದ ಮೊಟಕು ಬಿಟ್ಟು ಬಂದರೆ ಅದು ಸತ್ತು, ಅಣಬೆಗೆ ದಾರಿಯಾಗುತ್ತದೆ. ಕೂಲಿಯವರಿಗೆ ಇಷ್ಟನ್ನು ಹೇಳಲು ಯಾವ ಯೋಜನೆಯ ಅನುದಾನವೂ ಬೇಕಿಲ್ಲ.

ಕೊನೆಯದಾಗಿ ಒಂದು ವಿನಂತಿ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಮೂರೂ ತಾಲೂಕುಗಳಲ್ಲಿ ವಿಜ್ಞಾನ ಕಲಿಸುವ ಕಾಲೇಜುಗಳಿವೆ. ಮರದಣಬೆ ತೋರಿಸಬೇಕೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೆವತು ಬೂಸು ಬರುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಯ್ಯಿರಿ. ಅಣಬೆಯ ಜತೆ ಅದು ಅಂಟಿದ್ದ ಮರದ ಒಂದು ಚಕ್ಕೆ ಇರಲಿ. ಮರದ ಹೆಸರು ನಿಮ್ಮೂರಿನಲ್ಲಿ ಕರೆಯುವಂತೆಯೇ ಇರಲಿ, ನೆಲದಿಂದ ಎಷ್ಟು ಅಡಿ ಮೇಲಿತ್ತು, ಮರ ಹಸಿಯೋ ಒಣಗಿತ್ತೋ, ಯಾವ ತಿಂಗಳು, ಯಾವ ಊರು ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ.